ಮುಕ್ಕಾಲು ಸುತ್ತು

ಸತ್ತ ಗಂಡನ ಅಂಗಿಯ ಜೇಬನ್ನು ಅವಳು ಹೊಲಿಯುತ್ತಿದ್ದಳು. ಸೂಜಿ ಅವನ ಎದೆಗೆ ತಾಗದ ಹಾಗೆ ಎರಡು ಬೆರಳನ್ನು ಬಟ್ಟೆಯಡಿ ಇಟ್ಟುಕೊಂಡಿದ್ದಳು.

"ಜೇಬು ಯಾಕೆ ಹೊಲೀತಿದೀರ ಅತ್ತಿಗೆ?" ನಾದಿನಿ ಕೇಳಿದಳು.

"ಒಳಗಿರೋದು ಬೀಳಬಾರದು. ನಿಮ್ಮಣ್ಣನ ಕೀಲಿ."

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. ಬೆರಳುದ್ದದ ಆ ಕೀಲಿಯ ವಿಚಾರ ಮನೆಮಂದಿಗೆಲ್ಲ ಗೊತ್ತು. ಅವನು ದುಡಿದ ಕೃತಕ ಕಾಲಿನ ಕಾರ್ಖಾನೆಯ ಮಾಲೀಕನಿಗೇ ಬಲಗಾಲಿಲ್ಲ. ಮಾಲೀಕನಿಗೆಂದು ಮಾಡಿದ ಮಂಡಿಯ ಹಿಂಬದಿಯಲ್ಲಿ ಒಂದು ತಿರುಪು; ಅದನ್ನು ತಿರುಗಿಸಲು ಈ ಕೀಲಿ. ತಿಂಗಳಿಗೊಮ್ಮೆ ಬಿಗಿಸದಿದ್ದರೆ ಮಂಡಿ ಕುಸಿಯುತ್ತದೆ. ಮುಕ್ಕಾಲು ಸುತ್ತು ಮುಂದಕ್ಕೆ, ಕೂದಲೆಳೆಯಷ್ಟು ಹಿಂದಕ್ಕೆ. ಆ ಲೆಕ್ಕ ಬಲ್ಲವರು ಇಬ್ಬರೇ: ಮಂಡಿ ಮಾಡಿದ ಅವನು, ಅಡುಗೆಮನೆಯಲ್ಲಿ ಅವನು ಅದನ್ನು ಮಾಡುವಾಗ ಬೆಳಕು ಹಿಡಿದ ಇವಳು.

"ಮಾಲೀಕರು ನಡೆಯೋದು ಹೇಗೆ?"

"ನಾಲ್ಕು ಜನರ ಮುಂದೆ ಮಕಾಡೆ ಬೀಳಲಿ. ಹನ್ನೊಂದು ವರ್ಷದಿಂದ ಕಾದಿದೀನಿ," ಎಂದು ಅವಳು ದಾರವನ್ನು ಹಲ್ಲಿನಿಂದ ಕಡಿದಳು.

*

ಹನ್ನೊಂದು ವರ್ಷದ ಹಿಂದೆ, ಆ ಮಂಡಿಗೆ ಪ್ರಶಸ್ತಿ ಬಂದ ದಿನ ಅವಳು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದಳು. ಗಂಡನ ಹೆಸರು ಕೂಗುತ್ತಾರೆಂದು ಚಪ್ಪಾಳೆಗೆ ಕೈ ಎತ್ತಿದ್ದೂ ಆಗಿತ್ತು. ಕೂಗಿದ್ದು ಮಾಲೀಕನ ಹೆಸರು.

"ನಮ್ಮಲ್ಲೊಬ್ಬ ಕೆಲಸಗಾರ ಇದಾನೆ. ಫಲ ಬಯಸದ ಕರ್ಮಯೋಗಿ," ಎಂದ ಮಾಲೀಕ. ಪುಣ್ಯಾತ್ಮ ಹೆಸರನ್ನೂ ಹೇಳಲಿಲ್ಲ. ಕರ್ಮಯೋಗಿ ಆಗ ಪರದೆಯ ಹಿಂದೆ ನಿಂತು ಅದೇ ಮಂಡಿಯನ್ನು ನೋಡುತ್ತಿದ್ದ.

ಮನೆಗೆ ಬಂದವಳೇ ಕೇಳಿದಳು. "ದುಡಿದವನೊಬ್ಬ, ಉಂಡವನೊಬ್ಬ. ನಿಮಗೆ ಹೊಟ್ಟೆ ಉರಿಯಲ್ವಾ?"

"ಅವರು ಮೆಟ್ಟಿಲು ಹತ್ತಿದ್ರಲ್ಲ, ಕೈ ಹಿಡ್ಕೊಳ್ಳದೆ. ನೋಡ್ದೆಯಾ? ನನ್ನ ಕೆಲಸ ಅಲ್ಲಿಗೆ ಮುಗೀತು."

"ಯೋಗಿ ನೀವು. ನಾನಲ್ಲ. ನನಗೆ ಫಲ ಬೇಕು!"

ಅವನು ನಕ್ಕು ಲೋಹ ಉಜ್ಜುವ ಅರ ಒರೆಸುತ್ತ ಕೂತ. ಆ ನಗು ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು.

*

ಚಿತಾಗಾರದಿಂದ ಎಲ್ಲರೂ ಅವಳ ಮನೆಗೆ ಮರಳಿ ಬಂದಾಗ ಮಾಲೀಕನೂ ಜೊತೆಗೇ ಬಂದ. ಮೂರು ಮಹಡಿ ಹತ್ತುವಷ್ಟರಲ್ಲಿ ಮಂಡಿ ಕಿರ್ರೆನ್ನುತ್ತಿತ್ತು. ಉಸ್ಸೆಂದು ಕುರ್ಚಿಯಲ್ಲಿ ಕೂತ.

"ಕೀಲಿ ಅವರ ಜೊತೇಲೇ ಹೋಯ್ತು. ನಾನೇ ಜೇಬಲ್ಲಿಟ್ಟು ಹೊಲಿದೆ," ಎಂದಳು ಅವಳು. ಈ ಮಾತು ಹೇಳುವ ಸುಖಕ್ಕೇ ಕಾದಿದ್ದಳು.

ಮಾಲೀಕನಿಗೆ ಸಿಟ್ಟು ಬರಲಿಲ್ಲ. ಕೋಟಿನೊಳಗಿಂದ ಬೆರಳುದ್ದದ ಇನ್ನೊಂದು ಕೀಲಿ ತೆಗೆದ.

"ಹೋದ ತಿಂಗಳು ಕೊಟ್ಟ. 'ನನ್ನವಳು ನಿಮಗೆ ಅದನ್ನ ಕೊಡಲ್ಲ, ಇದನ್ನ ಇಟ್ಕೊಳ್ಳಿ' ಅಂದ."

ಅವಳ ಮುಖ ಕಪ್ಪಿಟ್ಟಿತು. ಸಾಯೋ ಕಾಲದಲ್ಲೂ ಅರ ಹಿಡಿದು ಇವನಿಗೊಂದು ಕೀಲಿ ಉಜ್ಜಿಕೊಂಡು ಕೂತಿದ್ದನಲ್ಲ, ಪಾಪಿ! ಅವನ ಮೇಲೆ ಬಂದ ಸಿಟ್ಟಿಗೆ ಬೆಳಗಿನಿಂದ ಬಾರದ ಅಳು ಬಂದೇಬಿಟ್ಟಿತು.

"ಆದರೆ ಮಂಡಿ ಹಿಂದಕ್ಕೆ ನನ್ನ ಕೈ ಎಟುಕಲ್ಲಮ್ಮ," ಮಾಲೀಕ ತಲೆ ತಗ್ಗಿಸಿದ. "ಅವನಿಗೆ ಏಳೋಕಾಗದೆ ಮೊನ್ನೆ ಕಾರ್ಖಾನೆಯೋರು ತಿರುಗಿಸಿದ್ರು. ಎರಡು ಸಲ ಬಿದ್ದೆ. ಸರಿಯಾದ ಲೆಕ್ಕ ನಿಮಗೆ ಗೊತ್ತಂತೆ."

ಅವಳು ಕಣ್ಣೊರೆಸಿಕೊಂಡಳು. "ಈ ಮಂಡಿ ಮಾಡಿದ್ದು ಯಾರು?"

"ಅವನೇ."

"ಜೋರಾಗಿ. ಬಾಗಿಲಲ್ಲಿ ನಿಂತೋರಿಗೂ ಕೇಳಬೇಕು. ಹೆಸರು ಹೇಳಿ."

ಮಾಲೀಕ ಗಂಟಲು ಸರಿಮಾಡಿಕೊಂಡು ಹೆಸರು ಹೇಳಿದ. ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಹಾಗೇ ನಿಂತರು. ಅವಳು ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಅವನ ಕೀಲಿ ಇಸಿದುಕೊಂಡು ನೆಲಕ್ಕೆ ಕೂತು ಮುಕ್ಕಾಲು ಸುತ್ತು ಮುಂದಕ್ಕೆ, ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು. ಮಾಲೀಕ ಕೈಚಾಚಿದ. ಅವಳು ಕೀಲಿ ಕೊಡಲಿಲ್ಲ.

"ತಿಂಗಳು ತಿಂಗಳು ಇಲ್ಲಿಗೇ ಬನ್ನಿ. ಬಂದಾಗೆಲ್ಲ ಆ ಹೆಸರು ಹೇಳಬೇಕು."

"ಎಷ್ಟು ದಿನ?"

"ನಿಮಗೆ ಕಾಲು ಬೇಕಾದಷ್ಟು ದಿನ."

ಅವನು ಎದ್ದು ಹೊರಟ. ಅವಳು ಮೆಟ್ಟಿಲ ಕಟಕಟೆಗೆ ಒರಗಿ ಕಿವಿಗೊಟ್ಟಳು. ಮೂರು ಮಹಡಿ, ಐವತ್ತನಾಲ್ಕು ಮೆಟ್ಟಿಲು. ಮಂಡಿ ಒಂದು ಕಡೆಯೂ ಕಿರ್ರೆನ್ನಲಿಲ್ಲ.