ಅನ್ನ ಬೀಳದ ಪಂಕ್ತಿ

“ಏನೇ ಮೇಡಮ್ಮಾ, ಎಲೆ ತುದಿ ಬಲಕ್ಕೆ ಹಾಕಿದೀಯಲ್ಲೇ, ಬಿ.ಎಡ್‌ನಾಗೆ ಇದ್ನ ಹೇಳ್ಕೊಡ್ಲಿಲ್ವಾ? ಮುಂಡೇದೆ, ತೆಗ್ದು ಸರಿಯಾಗಿ ಹಾಕು.”

ಅಜ್ಜಂಪುರದ ತನ್ನ ಹೊಸ ಮನೆಯ ಶಾಮಿಯಾನದಡಿ ನಿಂತು ಹೀಗೆ ಗದರಿದವನು ಶಾಲೆಯ ಸೆಕ್ರೆಟರಿ ಸೋಮಶೇಖರಪ್ಪ. ಬೈಸಿಕೊಂಡವಳು ಅವನ ಶಾಲೆಯಲ್ಲೇ ಗಣಿತ ಹೇಳುವ ಹೇಮಶ್ರೀ. ಗೃಹಪ್ರವೇಶಕ್ಕೆ ಬಡಿಸಲು ಆಳು ಕರೆಸಿದರೆ ಕೂಲಿ ಕೊಡಬೇಕು. ಮೇಷ್ಟ್ರುಗಳಿಗಾದರೆ ಸೇವೆ ಎಂದರೆ ಸಾಕು. ಐದು ತಿಂಗಳಿಂದ ಪಾಠವೇ ಸಂಬಳವಿಲ್ಲದ ಸೇವೆಯಾಗಿರುವಾಗ ಬಡಿಸುವುದೇನು ಮಹಾ. ವಿಜ್ಞಾನದ ಓಂಕಾರೇಶ್ ಮೇಷ್ಟ್ರು ಆಗಲೇ ಪಂಚೆ ಎತ್ತಿಕಟ್ಟಿ ತುಪ್ಪದ ಗಿಂಡಿ ಹಿಡಿದಿದ್ದರು.

ಗುರುವಾರ ಬಂತೆಂದರೆ ಮಹಿಳಾ ಸಂಘದ ಸಾಲದ ಕಂತು ಕೇಳಲು ಹೆಂಗಸರು ಹೇಮಶ್ರೀಯ ಬಾಗಿಲಲ್ಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಹೋದ ವಾರ ಹೊಲಿಗೆ ಯಂತ್ರ ಹೊತ್ತುಕೊಂಡು ಹೋದರು. ಈ ವಾರ ಗ್ಯಾಸ್ ಸಿಲಿಂಡರ್ ಅಂದಿದ್ದಾರೆ. ಬೆಳಿಗ್ಗೆ ನಾಚಿಕೆ ಬಿಟ್ಟು ಸೆಕ್ರೆಟರಿಯನ್ನು ಸಂಬಳ ಕೇಳಿದ್ದಳು. ಗ್ರಾಂಟು ಮೇಲಿಂದ ಇನ್ನೂ ರಿಲೀಸ್ ಆಗಿಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ, ಮೊದಲು ಬೀಗರ ಊಟ ಆಗಲಿ, ಆಮೇಲೆ ನೋಡೋಣ ಅಂದಿದ್ದ. ಆ ಆಮೇಲೆ ಯುಗಾದಿಯಿಂದಲೂ ನಡೆದುಕೊಂಡು ಬರುತ್ತಲೇ ಇತ್ತು.

ಬೀಗರೆಂದರೆ ಇನ್ನೂ ಆಗಬೇಕಾದ ಬೀಗರು. ತರೀಕೆರೆಯ ಕೊಬ್ಬರಿ ವ್ಯಾಪಾರಿ ಚನ್ನಬಸಪ್ಪ, ಹೆಂಡತಿ ಪ್ರೇಮಮ್ಮ. ಸೆಕ್ರೆಟರಿಯ ಮಗನಿಗೆ ಮಗಳನ್ನು ಕೊಡುವ ಮುಂಚೆ ಮನೆತನ ನೋಡಲು ಬಂದಿದ್ದರು. ನೀವೂ ಜೊತೆಗೆ ಕೂರಲೇಬೇಕೆಂದು ಹಟ ಹಿಡಿದದ್ದರಿಂದ ಸೆಕ್ರೆಟರಿಯೂ ಜಮಖಾನೆಯ ಮೇಲೆ ಅವರ ಪಕ್ಕ ಕೂತ.

ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಿದ್ದವು. ಅನ್ನ ಬಿದ್ದು ಅದರ ಮೇಲೆ ತುಪ್ಪ ಬೀಳುವವರೆಗೆ ಯಾರೂ ಎಲೆಗೆ ಕೈ ಹಚ್ಚುವಂತಿಲ್ಲ, ಅದು ಪದ್ಧತಿ. ಅನ್ನದ ಬುಟ್ಟಿ ಹೇಮಶ್ರೀಯ ಸೊಂಟದ ಮೇಲಿತ್ತು. ಪಂಕ್ತಿಯ ತುದಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಹಿಂದಿದ್ದ ಓಂಕಾರೇಶ್ ಮೇಷ್ಟ್ರು ಅವಳ ಮುಖ ನೋಡಿ ತಾವೂ ನಿಂತರು.

“ಅನ್ನ ತಾರಮ್ಮಾ,” ಸೆಕ್ರೆಟರಿಯ ಮಾತಿನಲ್ಲಿ ಈಗ ಬೆಣ್ಣೆ.

“ಮೇಲಿಂದ ಇನ್ನೂ ರಿಲೀಸ್ ಆಗಿಲ್ಲ ಸಾರ್. ಸ್ವಲ್ಪ ಅಡ್ಜಸ್ಟ್ ಮಾಡ್ಕಳಿ.”

ಇದೇನು ತಮಾಷೆಯೆಂದು ಚನ್ನಬಸಪ್ಪ ಕೇಳಿದರು. ಹೇಮಶ್ರೀ ನಯವಾಗಿ, ತಾವಿಬ್ಬರೂ ಈ ಯಜಮಾನರ ಶಾಲೆಯ ಟೀಚರು, ಯುಗಾದಿಯಿಂದ ಸಂಬಳ ಕಂಡಿಲ್ಲ, ಇವತ್ತು ಬಡಿಸುವುದೂ ಪುಕ್ಕಟೆ ಎಂದು ಒಂದೂ ಬಿಡದೆ ಹೇಳಿದಳು. ಪ್ರೇಮಮ್ಮ ಹೊಸ ಮನೆಯ ಗ್ರಾನೈಟ್ ಕಂಬಗಳನ್ನು ನೋಡಿದರು, ಆಮೇಲೆ ಸೆಕ್ರೆಟರಿಯ ಮುಖ ನೋಡಿದರು. ಎಲೆಗಳಲ್ಲಿ ಕೋಸಂಬರಿ ನೀರು ಬಿಡತೊಡಗಿತು.

ಸೋಮಶೇಖರಪ್ಪ ಅವಳನ್ನು ಹತ್ತಿರ ಕರೆದು ಹಲ್ಲು ಕಚ್ಚಿ ಪಿಸುಗುಟ್ಟಿದ: “ಹಲ್ಕಾ ಮುಂಡೇದೆ, ನಾಳೆಯಿಂದ ಸ್ಕೂಲ್ ಕಡೆ ತಲೆ ಹಾಕ್ಬೇಡ.”

“ಹಂಗಾದ್ರೆ ಇವತ್ತಿಗೆ ನಾನೂ ನೆಂಟಳೇ ಆದೆ ಬಿಡಿ.”

ಅವಳಿಗೆ ಭಯವಾಗಿತ್ತು, ಹಸಿವು ಅದಕ್ಕಿಂತ ಜಾಸ್ತಿಯಾಗಿತ್ತು. ಪ್ರೇಮಮ್ಮನ ಪಕ್ಕ ಯಾರೂ ಕೂರದ ಎಲೆಯೊಂದಿತ್ತು. ಅದರ ಮುಂದೆ ಕೂತು ಬುಟ್ಟಿಯಿಂದ ಎರಡು ಸೌಟು ಬಿಸಿ ಅನ್ನ ತಾನೇ ಬಡಿಸಿಕೊಂಡಳು. ಓಂಕಾರೇಶ್ ಮೇಷ್ಟ್ರು ಬಗ್ಗಿ ಧಾರಾಳವಾಗಿ ತುಪ್ಪ ಹೊಯ್ದರು. ಪಂಕ್ತಿಗೆ ಪಂಕ್ತಿಯೇ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ಹೇಮಶ್ರೀ ಸಾರಿಗೂ ಕಾಯದೆ ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು.