ಯಾವುದರ ಗಂಜಿ?

'ರೋಗಿ ಪಥ್ಯ ಪಾಲಿಸುತ್ತಿಲ್ಲ' ಎಂದು ಡಾಕ್ಟರು ನನ್ನ ಫೈಲಿನಲ್ಲಿ ಬರೆದರು. ನನ್ನ ಕಣ್ಣೆದುರಿಗೇ ಬರೆದರು. ನನಗೆ ಸೀಲಿಯಾಕ್ ಕಾಯಿಲೆ. ಗೋಧಿಯ ಚೂರು ಹೊಟ್ಟೆಗೆ ಹೋದರೂ ಕರುಳು ಕೆಡುತ್ತದೆ. ಏಳು ವರ್ಷದಿಂದ ಚಪಾತಿ ಮುಟ್ಟಿಲ್ಲ. ತಂಗಿ ಮಗಳ ಮದುವೆಯಲ್ಲಿ ಹೋಳಿಗೆ ಎಲೆಗೆ ಬೀಳದಂತೆ ಕೈ ಅಡ್ಡ ಹಿಡಿದು ಕೂತವಳು ನಾನು. ಈ ಸಲ ರಕ್ತದ ರಿಪೋರ್ಟ್ ಕೆಟ್ಟಿದ್ದು ನಿಜ. ಆದರೆ ಕಳ್ಳಿ ನಾನಲ್ಲ.

"ಎಲ್ಲೋ ಕದ್ದುಮುಚ್ಚಿ ತಿಂದಿರ್ತೀರಮ್ಮ, ಹೇಳ್ಬಿಡಿ" ಎಂದರು ಡಾಕ್ಟರ್ ಲಕ್ಷ್ಮೀಶ.

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಈಶ್ವರ್ ಹೌದೆನ್ನುವಂತೆ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಚಾಮರಾಜಪೇಟೆಯ ಮನೆಗೆ ಬಂದವಳೇ ಅಡುಗೆಮನೆ ಜಾಲಾಡಿದೆ. ರಾಗಿ, ಅಕ್ಕಿ, ಜೋಳ. ಇಂಗಿಗೂ ಮೈದಾ ಬೆರೆಸುತ್ತಾರೆಂದು ಅದನ್ನೂ ಎಂದೋ ಬಿಟ್ಟಾಗಿತ್ತು. ಉಳಿದದ್ದು ಆರು ತಿಂಗಳಿಂದ ನುಂಗುತ್ತಿದ್ದ ವಿಟಮಿನ್ ಮಾತ್ರೆ ಮಾತ್ರ. ಮೊದಲು ಕ್ಯಾಪ್ಸೂಲ್ ನುಂಗುತ್ತಿದ್ದೆ. ಅದರ ಹೊದಿಕೆ ಪ್ರಾಣಿಯ ಮೂಳೆಯದೆಂದು ಯಾರೋ ಹೇಳಿದ ದಿನವೇ ಈಶ್ವರ್ ಅದನ್ನೆಸೆದು ಈ ಡಬ್ಬಿ ತಂದಿದ್ದರು. "ಹಸಿರು ಚುಕ್ಕೆ ಇದೆ, ಧೈರ್ಯವಾಗಿ ತಗೋ" ಎಂದಿದ್ದರು. ಲಿಂಗ ಕಟ್ಟಿದ ಮನೆ ನಮ್ಮದು. ಹಸಿರು ಚುಕ್ಕೆ ಕಂಡ ಮೇಲೆ ಮುಂದಕ್ಕೆ ಓದುವ ಅಭ್ಯಾಸವೇ ಇಲ್ಲ. ನಾನೂ ಓದಿರಲಿಲ್ಲ, ಅದು ನನ್ನ ದಡ್ಡತನ. ಅವತ್ತು ಕನ್ನಡಕ ಹಾಕಿಕೊಂಡು ಓದಿದೆ. ಇರುವೆಯಂಥ ಅಕ್ಷರಗಳಲ್ಲಿ ಒಂದು ಪದ ಇತ್ತು: ಸ್ಟಾರ್ಚ್.

ಸ್ಟಾರ್ಚ್ ಎಂದರೆ ಗಂಜಿ. ಚಿಕ್ಕಪೇಟೆಯಲ್ಲಿ ಇಪ್ಪತ್ತು ವರ್ಷ ಸೀರೆ ಮಾರಿದವಳಿಗೆ ಗಂಜಿಯ ಪಾಠ ಯಾರೂ ಹೇಳಬೇಕಿಲ್ಲ. ಡಬ್ಬಿ ಹಿಡಿದು ನೆಟ್ಟಗೆ ಮೆಡಿಕಲ್ ಸ್ಟೋರಿಗೆ ಹೋದೆ.

"ಮುತ್ತುರಾಜ್, ಇದ್ರಲ್ಲಿರೋದು ಯಾವುದರ ಗಂಜಿ?"

"ಗಂಜಿ ಗಂಜೀನೇ ಅಲ್ವಾ ಮೇಡಂ. ಮಾತ್ರೆ ಪುಡಿಯಾಗ್ದೇ ಇರ್ಲಿ ಅಂತ ಒಂಚೂರು ಹಾಕಿರ್ತಾರೆ."

"ನಮ್ಮಂಗಡೀಲಿ ಹಿಂಗಂದಿದ್ರೆ ನಿಮ್ಮನ್ನ ಕೆಲಸಕ್ಕೇ ಇಟ್ಕೊತಿರ್ಲಿಲ್ಲ. ಅಕ್ಕಿ ಗಂಜಿ ಬೇರೆ, ಸಬ್ಬಕ್ಕಿ ಗಂಜಿ ಬೇರೆ, ಮೈದಾ ಗಂಜಿ ಬೇರೆ. ಸೀರೆ ಆಗಿದ್ರೆ ಮುಟ್ಟಿ ಹೇಳ್ತಿದ್ದೆ. ಇದಕ್ಕೆ ಕಂಪನೀನೇ ಹೇಳ್ಬೇಕು, ಫೋನ್ ಮಾಡಿ."

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ಹಿಂದೆ ಜನ ನಿಂತಿದಾರೆ."

"ನಿಂತಿರ್ಲಿ. ನಾನು ಏಳು ವರ್ಷದಿಂದ ಅಡ್ಜಸ್ಟ್ ಮಾಡ್ಕೊಂಡೇ ಬಂದಿದೀನಿ."

ಅವನು ಫೋನ್ ಮಾಡಲಿಲ್ಲ. ನಾನೇ ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಮೂರು ಸಲ ಬರೀ ಸಂಗೀತ ಕೇಳಿಸಿದರು. ನಾಲ್ಕನೇ ಸಲ ಒಬ್ಬಳು ಹುಡುಗಿ ಸಿಕ್ಕಳು, ಯಾರನ್ನೋ ಕೇಳಿಕೊಂಡು ಬಂದು ಹೇಳಿದಳು: "ಗೋಧಿದು ಮೇಡಂ."

"ಇದನ್ನೇ ಇಮೇಲಲ್ಲಿ ಬರೆದು ಕಳ್ಸಮ್ಮ" ಎಂದೆ. ಆಮೇಲೆ ಮುತ್ತುರಾಜನೇ ಐದಾರು ಡಬ್ಬಿ ಇಳಿಸಿ, ಮೆಕ್ಕೆಜೋಳದ ಸ್ಟಾರ್ಚ್, ಗೋಧಿಯಲ್ಲಿರುವ ಗ್ಲುಟೆನ್ ಅಂಶ ಇಲ್ಲ ಎಂದು ಸ್ಪಷ್ಟವಾಗಿ ಅಚ್ಚು ಹಾಕಿದ್ದೊಂದನ್ನು ಹುಡುಕಿಕೊಟ್ಟ.

ಮೂರು ತಿಂಗಳಾದ ಮೇಲೆ ಹೊಸ ರಿಪೋರ್ಟ್ ಬಂತು. ಏರಿದ್ದ ಅಂಕಿಗಳೆಲ್ಲ ಇಳಿದಿದ್ದವು. ಅದನ್ನೂ ಕಂಪನಿಯ ಇಮೇಲನ್ನೂ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಎರಡೆರಡು ಸಲ ಓದಿ, "ನನಗೂ ಹೊಳೀಲಿಲ್ಲಮ್ಮ, ಕ್ಷಮಿಸಿ" ಎಂದರು.

"ಕ್ಷಮೆ ಇರ್ಲಿ ಡಾಕ್ಟ್ರೇ. ಅವತ್ತು ಬರೆದಿದ್ದನ್ನ ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ."

ಅವರು ಹೊಡೆದು ಹಾಕಿದರು. ಸಹಿಯನ್ನೂ ಮಾಡಿದರು. "ಮುಗೀತಲ್ಲ, ನಡಿ" ಎಂದು ಪಕ್ಕದಲ್ಲಿ ಕೂತಿದ್ದ ಈಶ್ವರ್ ಎದ್ದರು.

ನಾನು ಏಳಲಿಲ್ಲ.

"ಅವತ್ತು ನೀವೂ ತಲೆ ಆಡಿಸಿದ್ರಲ್ಲ ರೀ," ಎಂದೆ. "ಅದನ್ನ ಎಲ್ಲಿ ಹೊಡೆದು ಹಾಕ್ತೀರಿ?"