ಬೂದಿ ಬಿದ್ದ ಬೋರ್ಡು

ಗೋಕಾಕದಿಂದ ಕಾಶಿನಾಥ ಕೊಟ್ಟು ಕಳಿಸಿದ್ದ ಡಬ್ಬಿಗಳನ್ನು ಮಯೂರಿ ಬಿಚ್ಚಿರಲೇ ಇಲ್ಲ. ಮಂಚದ ಪಕ್ಕ ಒಂದರ ಮೇಲೊಂದು ಪೇರಿಸಿಟ್ಟು, ದಿನವೂ ಅವುಗಳತ್ತ ಬೆನ್ನು ಮಾಡಿ ಮಲಗುತ್ತಿದ್ದಳು. ಕಾಶಿನಾಥನದು ಕಂಪ್ಯೂಟರ್ ಅಂಗಡಿ. ಹೋದ ಬೇಸಿಗೆಯವರೆಗೂ ಮಯೂರಿ ಅಲ್ಲಿ ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾಡಿಕೊಡುವ ಕೆಲಸದಲ್ಲಿದ್ದಳು. ಈಗ ಅವಳ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆ. ನಡುವಿನವನ್ನು ಕಬ್ಬಿನ ಹಾಲಿನ ಗಾಣ ನುಂಗಿತು. ಗಾಣ ಅವಳ ಅಪ್ಪ ಕೇದಾರಿಯದೇ. ಹತ್ತರಗಿಯ ಹೈವೇ ಬದಿಯಲ್ಲಿ ಅದು ಇವತ್ತಿಗೂ ತಿರುಗುತ್ತದೆ. ಅದನ್ನು ನಿಲ್ಲಿಸಿದರೆ ಮನೆ ನಡೆಯುವುದಿಲ್ಲ. ಗಾಣಕ್ಕೆ ಕಟ್ಟಿದ್ದ ಗೆಜ್ಜೆಯನ್ನು ಮಾತ್ರ ಕೇದಾರಿ ಬಿಚ್ಚಿ ಎಲ್ಲೋ ಎಸೆದು ಬಂದಿದ್ದ.

ಕಾಶಿನಾಥ ಫೋನಿನಲ್ಲಿ ಹೇಳಿದ್ದು ಇಷ್ಟು: "ಮೂಡಲಗಿ ಸಾಲಿ ಒಂದರದು ಲ್ಯಾಬಿನ ಆರ್ಡರ್ ಬಂದೈತಿ ಮಯೂರಿ. ಮೊದಲ ಒಂದ ಮಶೀನ್ ಜೋಡಿಸಿ ತೋರಸ್ಬೇಕು. ಅದನ್ನ ನೀ ಮನ್ಯಾಗ ಕುಂತ ಮಾಡಿಕೊಡು. ಚಲೋ ನಡೀತಂದ್ರ ಉಳದದ್ದೆಲ್ಲಾ ನಿನಗಽ. ಆಗಂಗಿಲ್ಲಂದ್ರ ಈಗಽ ಹೇಳಿಬಿಡವಾ, ನಾ ಏನೂ ಅನ್ಕೊಳ್ಳೂದಿಲ್ಲ."

"ಆಕ್ಕೈತಿ ಸರ್" ಅಂದಿದ್ದಳು ಮಯೂರಿ. ಫೋನ್ ಇಟ್ಟ ಮೇಲೆ ಕೈಯನ್ನು ದುಪಟ್ಟಾದೊಳಗೆ ಸೇರಿಸಿಕೊಂಡು ಕೂತಿದ್ದಳು.

ಭಾನುವಾರ ಮಧ್ಯಾಹ್ನ ಅವಳ ಅವ್ವ ಸತ್ತೆವ್ವ ಹೋಟೆಲಿನಿಂದ ಬೇಗ ಬಂದಳು. ಹೈವೇ ಮೇಲಿನ ಆ ಹೋಟೆಲಿನಲ್ಲಿ ಅವಳದು ಟೇಬಲ್ ಒರೆಸುವ ಕೆಲಸ. ಕಬ್ಬು ನುರಿಸುವ ಸೀಜನ್ ಶುರುವಾಯಿತೆಂದರೆ ಕಾರ್ಖಾನೆಯ ಚಿಮಣಿಯಿಂದ ಕರಿ ಬೂದಿ ಹಾರಿ ಬಂದು ಊರ ಮೇಲೆಲ್ಲ ಉದುರುತ್ತದೆ. ಒಣಹಾಕಿದ ಬಟ್ಟೆಯ ಮೇಲೆ, ತೆರೆದಿಟ್ಟ ನೀರಿನ ಮೇಲೆ, ಊಟದ ತಟ್ಟೆಯ ಮೇಲೆ. ಮಾಲೀಕ ದುಡ್ಡೆಣಿಸುತ್ತ ಗಲ್ಲೆಯ ಮೇಲಿಂದಲೇ "ಸತ್ತೆವ್ವಾ, ಟೇಬಲ್!" ಎಂದು ಕೂಗುತ್ತಾನೆ. ಅವಳು ಒರೆಸುತ್ತಾಳೆ. ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಬಿದ್ದಿರುತ್ತದೆ.

ಬಂದವಳೇ ಡಬ್ಬಿಗಳ ಮುಂದೆ ಕೂತು, "ಏಳ, ಜೋಡಸೂನು. ನಾಳಿ ಒಯ್ದ ಕೊಡಬೇಕಲ್ಲ" ಅಂದಳು.

"ಸ್ಕ್ರೂ ತಿರುವಾಕ ಬರೂದಿಲ್ಲವಾ ನನಗ. ಎಡಗೈಲೆ ಹಿಡದ್ರ ಬಲಗೈಲೆ ಒತ್ತಾಕ ಆಗಂಗಿಲ್ಲ."

"ನನ್ನ ಕೈ ಏನ್ ಅಡವಿಟ್ಟೇನೇನ? ನೀ ಹೇಳು, ನಾ ತಿರುವತೇನಿ."

ಬಾಗಿಲಲ್ಲಿ ನಿಂತಿದ್ದ ಕೇದಾರಿ ನಕ್ಕ. "ಏ ಸತ್ತಿ, ರಿಮೋಟಿಗೆ ಶೆಲ್ ಹಾಕಂದ್ರ ಉಲ್ಟಾ ಹಾಕತಿ. ಈಗ ಕಂಪ್ಯೂಟರ್ ಮಾಡಾಕ ಹೊಂಟೀಯೇನ?"

"ನೀವು ನಿಮ್ಮ ಗಾಣಾ ನೋಡ್ಕೊಳ್ರಿ ಹೋಗ್ರಿ."

ಗಾಣ ಎಂಬ ಮಾತು ಅವಳ ಬಾಯಿಂದ ಜಾರಿಬಿಟ್ಟಿತ್ತು. ಆ ಶಬ್ದವನ್ನು ಮನೆಯೊಳಗೆ ಯಾರೂ ಆಡುತ್ತಿರಲಿಲ್ಲ. ಕೇದಾರಿ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಮಯೂರಿಯೇ ಕೊನೆಗೆ ಎದ್ದು ಬಂದು ಮೊದಲ ಡಬ್ಬಿಯನ್ನು ಎಡಗೈಯಿಂದ ಮುಂದಕ್ಕೆ ಎಳೆದಳು.

"ಮೊದಲ ಈ ಕಬ್ಬಿಣದ ಪೆಟ್ಟಿಗಿ ಮುಟ್ಟು. ಮೈಯಾಗಿನ ಕರೆಂಟ್ ಇಳೀತೈತಿ. ಇಲ್ಲಾಂದ್ರ ಒಳಗಿನ ಸಾಮಾನ ಸುಡತಾವು."

"ನನ್ನ ಮೈಯಾಗ ಎಲ್ಲಿ ಕರೆಂಟವಾ? ಇದ್ದದ್ದೆಲ್ಲಾ ಆ ಹೋಟೆಲ್ಲಿನವ ಹಿಂಡ್ಕೊಂಡಾನ."

ಮಯೂರಿ ನಕ್ಕಳು. ಅವಳು ನಕ್ಕಿದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ. ಸತ್ತೆವ್ವ ಪೆಟ್ಟಿಗೆಯನ್ನು ಮುಟ್ಟಿ, ಬೇಕೆಂದೇ ಕೈ ಮುಗಿದಳು. ಮಗಳು ಇನ್ನೊಮ್ಮೆ ನಗಲಿ ಎಂದು.

ಬಾಗಿಲ ಬೆಳಕಿಗೆ ಡಬ್ಬಿಯ ರಟ್ಟು ಹಾಸಿ, ಅದರ ಮೇಲೆ ಮದರ್‌ಬೋರ್ಡ್ ಇಟ್ಟರು. ಹಸಿರು ಹಲಗೆ, ಅದರ ಮೈತುಂಬ ಸಣ್ಣ ಸಣ್ಣ ಗೋಪುರಗಳು. ಮಯೂರಿ ಹೇಳಿದಂತೆ ಸತ್ತೆವ್ವ ಒಂದು ತಂತಿಯ ಚಿಲಕ ಎತ್ತಿ, ತಗಡಿನ ಮುಚ್ಚಳ ತೆರೆದು, ಕರಿ ಪ್ಲಾಸ್ಟಿಕ್ ಚಿಪ್ಪನ್ನು ಕಳಚಿದಳು. ಒಳಗೆ ಒಂದು ಚೌಕ. ಅದರ ತುಂಬ ಬಂಗಾರದ ಬಣ್ಣದ ಪಿನ್ನುಗಳು. ಕೂದಲಿಗಿಂತ ತೆಳ್ಳಗಿನವು. ಬಿತ್ತಿದ ಹೊಲದ ಮೊಳಕೆಯಂತೆ ಸಾಲಾಗಿ ನಿಂತಿದ್ದವು.

ಮಯೂರಿ ಮೊಬೈಲಿನ ಬೆಳಕು ಹಿಡಿದು ನಾಲ್ಕೂ ಮೂಲೆ ನೋಡಿದಳು. "ಎಲ್ಲಾ ಸರಿ ಅದಾವು. ಇಲ್ಲಿ ಬಂದ ಕುಂದ್ರತೈತಿ ಪ್ರೊಸೆಸರ್. ಕಂಪ್ಯೂಟರಿನ ತಲಿ ಅಂದ್ರ ಅದಽ. ಈ ಪಿನ್ನಿಗೆ ಬೆರಳ ಮುಟ್ಟಸ್ಬ್ಯಾಡ ನೋಡವಾ."

"ಯಾಕ ಮುಟ್ಟಲಿ?"

ಅಷ್ಟರಲ್ಲಿ ಫೋನ್ ಬಂತು, ಕಾಶಿನಾಥನದು. ಮನೆಯೊಳಗೆ ಮಾತು ತುಂಡು ತುಂಡಾಗಿ ಕೇಳುತ್ತದೆಂದು ಮಯೂರಿ ಅಂಗಳ ದಾಟಿ ಬೇವಿನ ಗಿಡದ ತನಕ ಹೋದಳು. ತೆರೆದ ಬಾಗಿಲಿನಿಂದ ಗಾಳಿ ಬಂತು. ಕರಿ ಬೂದಿಯ ಒಂದು ಎಳೆ ತೇಲುತ್ತ ಬಂದು, ಬೇರೆಲ್ಲೂ ಜಾಗವಿಲ್ಲದಂತೆ ಆ ಚೌಕದೊಳಗೇ ಇಳಿಯಿತು. ಸತ್ತೆವ್ವ ಊದಿದಳು. ಅದು ಹೋಗಲಿಲ್ಲ, ಇನ್ನಷ್ಟು ಒಳಕ್ಕೆ ಅಂಟಿಕೊಂಡಿತು. ಅವಳು ಯೋಚಿಸುವ ಮೊದಲೇ ಕೈ ತನ್ನ ಕೆಲಸ ಮಾಡಿ ಮುಗಿಸಿತ್ತು. ಸೆರಗಿನ ತುದಿ ಮಡಚಿ, ಎಡದಿಂದ ಬಲಕ್ಕೆ, ಹಗುರವಾಗಿ ಒಂದು ಸಲ. ಬೂದಿ ಹೋಯಿತು. ಬೆರಳು ತಾಗಿರಲಿಲ್ಲ. ಒರೆಸಿದ್ದು ಮಗಳಿಗೆ ಹೇಳಬೇಕಾದ ಸಂಗತಿ ಎಂದೂ ಅವಳಿಗೆ ಅನ್ನಿಸಲಿಲ್ಲ.

ಮಯೂರಿ ಹಿಗ್ಗಿನಲ್ಲೇ ಒಳಗೆ ಬಂದಳು. "ಮುಂಜಾನೆ ಸಾಲಿಯವರಽ ಅಂಗಡಿಗೆ ಬರತಾರಂತ. ತಡಿ, ಇದನ್ನ ಮಾತ್ರ ನಾನಽ ಇಡತೇನಿ. ಇದನ್ನ ಯಾರ ಕಡೆನೂ ಇಡಸಂಗಿಲ್ಲ."

ಎಡಗೈಯ ಎರಡು ಬೆರಳಲ್ಲಿ ಪ್ರೊಸೆಸರನ್ನು ಅಂಚಿಗೆ ಹಿಡಿದು, ಉಸಿರು ಕಟ್ಟಿ, ಮೂಲೆಯ ಗುರುತಿಗೆ ಗುರುತು ಹೊಂದಿಸಿ ಬಿಟ್ಟಳು. ಅದು ಜಾಗದಲ್ಲಿ ಕೂತಿತು.

"ಕುಂತತವಾ! ಎಡಗೈಲೆ!"

ಚಿಲಕ ಒತ್ತಲು ಬಲ ಬೇಕಿತ್ತು. ಅದನ್ನು ಸತ್ತೆವ್ವ ಒತ್ತಿದಳು. ಕರಕರ ಎಂದಿತು. ಬೆಚ್ಚಿ ಕೈ ತೆಗೆದಳು. "ಮುರೀತೇನ?"

"ಇಲ್ಲ, ಅದು ಹಂಗಽ ಅಂತೈತಿ. ಒತ್ತು."

ಉಳಿದದ್ದು ಸರಾಗವಾಗಿ ಸಾಗಿತು. ರ್‍ಯಾಮನ್ನು ಎರಡೂ ತುದಿಯಲ್ಲಿ ಟಕ್ ಎನ್ನುವವರೆಗೆ ಒತ್ತಿದ್ದು, ಫ್ಯಾನ್ ಕೂರಿಸಿದ್ದು, ಬೋರ್ಡನ್ನು ಪೆಟ್ಟಿಗೆಯೊಳಗೆ ಇಳಿಸಿ ಸ್ಕ್ರೂ ತಿರುವಿದ್ದು, ಬಣ್ಣಬಣ್ಣದ ವಾಯರುಗಳನ್ನು ಸಿಕ್ಕಿಸಿದ್ದು. "ಹೆಚ್ಚ ಬಿಗಿ ಬ್ಯಾಡ, ಸಾಕು" ಎಂದು ಮಯೂರಿ ಅಂಗಡಿಯಲ್ಲಿ ಹೊಸಬರಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳುತ್ತಿದ್ದಳು. ಸತ್ತೆವ್ವನಿಗೆ ಸೊಂಟ ಹಿಡಿದಿತ್ತು. ಆದರೂ ಈ ಕೆಲಸ ಮುಗಿಯದೇ ಇರಲಿ ಎನ್ನಿಸುತ್ತಿತ್ತು.

ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು. ಸತ್ತೆವ್ವ ಚಪ್ಪಾಳೆ ತಟ್ಟಿದಳು. ಮಯೂರಿಯ ಕಣ್ಣು ಪರದೆಯ ಮೇಲಿತ್ತು. ಪರದೆ ಕಪ್ಪಾಗಿಯೇ ಇತ್ತು. ಫ್ಯಾನ್ ನಿಂತಿತು. ತಾನೇ ಮತ್ತೆ ತಿರುಗಿತು. ಮತ್ತೆ ನಿಂತಿತು.

ರ್‍ಯಾಮ್ ತೆಗೆಸಿ ಹಾಕಿಸಿದಳು. ವಾಯರುಗಳನ್ನು ಒಂದೊಂದಾಗಿ ಬಿಚ್ಚಿಸಿ ಸಿಕ್ಕಿಸಿದಳು. ಪರದೆ ಬದಲಾಗಲಿಲ್ಲ. ಕೊನೆಗೆ ಫ್ಯಾನ್ ಇಳಿಸಿ, ಪ್ರೊಸೆಸರ್ ಎತ್ತಿ, ಮೊಬೈಲ್ ಕ್ಯಾಮೆರಾದಲ್ಲಿ ಆ ಚೌಕವನ್ನು ದೊಡ್ಡದು ಮಾಡಿ ನೋಡಿದಳು. ನೋಡುತ್ತಲೇ ಇದ್ದಳು.

"ಏನಾತ ಮಯೂ?"

"ಪಿನ್ನ ಬಾಗ್ಯಾವು. ಬೋರ್ಡ್ ಹೋತು." ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟಳು. "ಇಡೂವಾಗ ನನ್ನ ಕೈ ನಡಗೇತಿ. ನನಗ ಗೊತ್ತಽ ಆಗಿಲ್ಲ."

ಸತ್ತೆವ್ವ ಬೋರ್ಡಿನತ್ತ ಬಗ್ಗಿದಳು. "ನಿನ್ನ ಕೈ ಅಲ್ಲವಾ. ನೀ ಹೊರಗ ಹ್ವಾದಾಗ ಅದರಾಗ ಬೂದಿ ಬಿತ್ತು. ನಾ ಸೆರಗಿಲೆ ಒರಸಿದ್ನಿ."

ಮಯೂರಿ ತಲೆಯೆತ್ತಲಿಲ್ಲ. "ಸಾಕ ಬಿಡ."

"ಖರೇನಽ ಹೇಳಾಕತ್ತೇನಿ."

"ಆಸ್ಪತ್ರಿಯೊಳಗೂ ಹಿಂಗಽ ಅಂದಿದ್ದಿ. 'ನಾ ಕರದ್ನಿ, ಅದಕ್ಕಽ ಹೊಳ್ಳಿ ನೋಡಿದ್ಲು, ತಪ್ಪು ನಂದು' ಅಂತ ಡಾಕ್ಟರಿಗೆ, ಕಾಕಾಗ, ಕಂಡಕಂಡವರಿಗೆಲ್ಲಾ ಹೇಳಿದಿ. ನೀ ಅವತ್ತ ಅಲ್ಲಿ ಇರಲೇ ಇಲ್ಲ. ನಾನಽ ಮೊಬೈಲ್ ನೋಡಕೋತ ಕಬ್ಬ ಕೊಟ್ಟಿದ್ನಿ." ದನಿ ಏರಲಿಲ್ಲ. "ನಾ ಏನ ಕೆಡಿಸಿದ್ರೂ ನೀ ನಿನ್ನ ಮ್ಯಾಲ ತಗೋತಿ. ಇನ್ನ ಸಾಕವಾ."

ಅವತ್ತು ಸುಳ್ಳು ಹೇಳಿದ್ದು ನಿಜ. ಇವತ್ತು ಒರೆಸಿದ್ದೂ ನಿಜ. ಎರಡನ್ನೂ ಬೇರೆ ಮಾಡಿ ತೋರಿಸುವುದು ಹೇಗೆ?

ಮುಂಜಾನೆ ಮಯೂರಿ ಏಳಲಿಲ್ಲ. ಕಾಶಿನಾಥನಿಗೆ "ನನ್ನ ಕೈಯಿಂದ ಬೋರ್ಡ್ ಕೆಟ್ಟಿತು ಸರ್, ಬೇರೆಯವರಿಗೆ ಕೊಡ್ರಿ" ಎಂದು ಮೆಸೇಜ್ ಹಾಕಿ, ಗೋಡೆಗೆ ಮುಖ ಮಾಡಿದ್ದಳು. ಸತ್ತೆವ್ವ ಹೋಟೆಲಿಗೆ ರಜೆ ಹೇಳಿ, ಪೆಟ್ಟಿಗೆಯನ್ನು ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಗೋಕಾಕಕ್ಕೆ ಬಸ್ ಹತ್ತಿದಳು.

"ಬರ್ರಿ ಅಕ್ಕಾರ, ಕುಂದರ್ರಿ" ಎಂದು ಕಾಶಿನಾಥ ತಾನೇ ಎದ್ದು ಕುರ್ಚಿ ಕೊಟ್ಟ. ಹಣೆಯ ಮೇಲೆ ವಿಭೂತಿ, ಮೆತ್ತನೆಯ ಮಾತು. ಬೋರ್ಡನ್ನು ಬಿಚ್ಚಿ ದೀಪದ ಕೆಳಗೆ ಹಿಡಿದು ಒಮ್ಮೆ ಕಣ್ಣಾಡಿಸಿದ. "ಹಾಂ. ಕೈ ನಡಗಿದ್ರ ಹಿಂಗಽ ಆಕ್ಕೈತ್ರಿ."

"ಆಕಿ ಕೈ ಅಲ್ರಿ ಅಣ್ಣಾರ. ನಾ ಒರಸಿದ್ನಿ. ಬೂದಿ ಬಿದ್ದಿತ್ತು, ಸೆರಗಿಲೆ ಒರಸಿದ್ನಿ. ಆಕಿ ಬರೋಬ್ಬರಿ ಇಟ್ಟಿದ್ಲು, ನಾ ಕಣ್ಣಾರೆ ನೋಡೇನಿ."

ಕಾಶಿನಾಥ ಅವಳನ್ನು ಕರುಣೆಯಿಂದ ನೋಡಿದ. "ತಾಯಿ ಕರುಳ್ರೀ, ಗೊತ್ತಾಕ್ಕೈತಿ. ನನ್ನ ಮಗಳಾಗಿದ್ರ ನಾನೂ ಹಿಂಗಽ ಅಂತಿದ್ನಿ."

"ಇಲ್ರಿ, ಖರೇನಽ..."

"ಬೋರ್ಡಿನ ಚಿಂತಿ ಬಿಡ್ರಿ, ಅದನ್ನ ನಾ ಕೇಳಂಗಿಲ್ಲ. ಆದ್ರ ಸಾಲಿಯವರಿಗೆ ನಾ ಜವಾಬ್ ಕೊಡಬೇಕಲ್ರಿ? ಮುಂಜಾನೆಽ ಮೂಡಲಗಿಯವರೊಬ್ಬರಿಗೆ ಕೆಲಸಾ ಒಪ್ಪಿಸಿಬಿಟ್ನಿ." ಚಹಾ ತರಿಸಿದ. "ಮಯೂರಿಗೆ ಹೇಳ್ರಿ, ಗಲ್ಲೇ ಮ್ಯಾಲ ಕುಂದ್ರಲಿ. ಬಂದವರ ಕೂಡ ಮಾತಾಡೂದು, ಬಿಲ್ ಬರಿಯೂದು. ಅದಕ್ಕ ಎಡಗೈ ಸಾಕು. ಮಶೀನ್ ಮುಟ್ಟೂದು ಮಾತ್ರ ಇನ್ನ ಬ್ಯಾಡ. ಆಕಿಗೂ ತ್ರಾಸು."

ಅವನು ಬೈದಿದ್ದರೆ ಸತ್ತೆವ್ವ ಜಗಳ ಮಾಡುತ್ತಿದ್ದಳು. ಚಹಾ ಕೊಟ್ಟವನ ಜೊತೆ ಹೇಗೆ ಜಗಳ ಮಾಡುವುದು? "ಈ ಬೋರ್ಡ್ ನಿಮಗ ಬೇಕೇನ್ರಿ?" ಎಂದು ಕೇಳಿದಳು. "ಗುಜರಿಗೆ ಹಾಕೂದ್ರಿ, ಒಯ್ರಿ" ಅಂದ.

ಸಂಜೆ ಮನೆಗೆ ಬಂದಾಗ ಮಯೂರಿ ಎದ್ದು ಕೂತಿದ್ದಳು. "ಏನಂದ್ರು?"

"ಗಲ್ಲೇ ಮ್ಯಾಲ ಕುಂದ್ರ ಅಂದ್ರು. ಮಶೀನ್ ಮುಟ್ಟೂದು ಬ್ಯಾಡಂತ."

"ಖರೇನಽ ಅಂದಾರ." ಮಯೂರಿ ತನ್ನ ಎಡಗೈಯನ್ನು ನೋಡಿಕೊಂಡಳು. ಬಲಗೈಯನ್ನು ನೋಡುತ್ತಿದ್ದ ಹಾಗೆಯೇ ಈಗ ಎಡಗೈಯನ್ನೂ ನೋಡಿದಳು. ಸತ್ತೆವ್ವನಿಗೆ ಅದನ್ನು ತಡೆಯಲಾಗಲಿಲ್ಲ. ಬೋರ್ಡನ್ನು ತಂದು ಮಗಳ ಮುಂದೆ ಇಟ್ಟಳು.

"ಬಾಗಿದ್ದು ಬಿಟ್ಟು ಈ ಬಾಜೂಕ ನೆಟ್ಟಗಿರೂವು ಅದಾವಲ್ಲ? ಹೌದಿಲ್ಲ? ನೋಡ್ಕೋ."

"ಅದನ್ನೇನ ನೋಡೂದು?"

"ನೋಡ್ಕೋ ಅಂದ್ನಿ."

ಮಯೂರಿ ಬೇಸರದಿಂದಲೇ ಮೊಬೈಲ್ ಹಿಡಿದು ನೋಡಿ, ಹೂಂ ಅಂದಳು. ಸತ್ತೆವ್ವ ಸೆರಗಿನ ತುದಿಯನ್ನು ಮಡಚಿದಳು. ಮಗಳ ಕಣ್ಣೆದುರೇ, ಹೋಟೆಲಿನ ಟೇಬಲ್ ಒರೆಸುವಂತೆ, ಎಡದಿಂದ ಬಲಕ್ಕೆ ಒಂದು ಸಲ ಎಳೆದಳು. "ಈಗ ನೋಡು."

ಮಯೂರಿ ನೋಡಿದಳು. ಮೊಬೈಲನ್ನು ಇನ್ನೂ ಹತ್ತಿರ ತಂದಳು. ನೆಟ್ಟಗಿದ್ದ ಪಿನ್ನುಗಳು ಗಾಳಿಗೆ ಮಲಗಿದ ಬೆಳೆಯಂತೆ ಬಲಕ್ಕೆ ವಾಲಿದ್ದವು. ನಿನ್ನೆ ಬಾಗಿದ್ದವೂ ಬಲಕ್ಕೇ ವಾಲಿದ್ದವು. ಹಳೆಯ ಸಾಲು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ತಿಳಿಯುವಂತಿರಲಿಲ್ಲ. ಮೇಲಿಂದ ಇಡುವಾಗ ಕೈ ನಡುಗಿದ್ದರೆ ಹೀಗೆ ಒಂದೇ ದಿಕ್ಕಿಗೆ ಸಾಲಾಗಿ ಬೀಳುವುದಿಲ್ಲ. ಅದನ್ನು ಮಯೂರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನೀನಽ ಒರಸಿದಿ" ಅಂದಳು.

"ಹೂಂ."

"ಮುಟ್ಟಬ್ಯಾಡ ಅಂದಿದ್ನಿಲ್ಲ ನಾ? ಅಂದಿದ್ನಿಲ್ಲ?"

"ಅಂದಿದ್ದಿ."

"ಮತ್ತ್ಯಾಕ ಮುಟ್ಟಿದಿ? ನಾ ಬರೂತನಕ ತಡಿಯಾಕ ಏನ್ ಆಗಿತ್ತ ನಿನಗ? ಏನ್ ಕಂಡ್ರೂ ಒರಸೂದು, ಏನ್ ಕಂಡ್ರೂ ಒರಸೂದು! ನನ್ನ ಕೈ ಸರಿ ಇತ್ತಲ್ಲ! ಬರೋಬ್ಬರಿ ಇಟ್ಟಿದ್ನಿ ನಾ! ಇದೊಂದಽ ಉಳದಿತ್ತು ನನಗ, ಇದೊಂದಽ!" ಮಯೂರಿ ಎದ್ದು ನಿಂತಿದ್ದಳು. ದನಿ ಒಡೆದು ಓಣಿಯವರೆಗೂ ಕೇಳುತ್ತಿತ್ತು. ಬೋರ್ಡನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. "ನನ್ನ ಮುಂದ ನಿಂದರಬ್ಯಾಡ. ಹೋಗ ಹೊರಗ!"

ಬೇಸಿಗೆಯಿಂದ ಇಲ್ಲಿಯವರೆಗೆ ಮಯೂರಿ ಯಾರ ಮೇಲೂ ಕೂಗಿರಲಿಲ್ಲ. ಗಾಣದ ಮೇಲೆ, ಅಪ್ಪನ ಮೇಲೆ, ಹಣೆಬರಹದ ಮೇಲೂ ಕೂಗಿರಲಿಲ್ಲ. ಸತ್ತೆವ್ವ ಹೊರಗೆ ಬಂದು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಳು. ಒಳಗೆ ಬೈಗುಳ ನಿಂತಿರಲಿಲ್ಲ.

ಗಾಣ ಮುಚ್ಚಿ ಬಂದ ಕೇದಾರಿ ಅಂಗಳದಲ್ಲೇ ನಿಂತುಬಿಟ್ಟ. "ಏನಾತು? ಯಾಕ ಒದರಾಕತ್ತಾಳ ಆಕಿ?"

"ಕೆಲಸಾ ಹೋತು" ಅಂದಳು ಸತ್ತೆವ್ವ. ಒಳಗಿನ ದನಿಯತ್ತ ತಲೆ ಆಡಿಸಿದಳು. "ಆಕಿ ಕೈ ನಡಗಿಲ್ಲಂತ ನನ್ನ ಮಾತ ನಂಬ್ಯಾಳ."